ಅವರು ಕುಡೀತಾರೆ, ಸರಿ. ನೀವು ಹೇಗಿದ್ದೀರಿ?

ಮನೆಯಲ್ಲಿ ಒಬ್ಬರು ಕುಡಿತಕ್ಕೆ ಬಿದ್ದರೆ ಎಲ್ಲರೂ ವಿಚಾರಿಸುವುದು ಅವರನ್ನೇ. ಬಿಟ್ಟನಾ? ಆಸ್ಪತ್ರೆಗೆ ತೋರಿಸಿದ್ರಾ? ಹೆಂಡತಿಯನ್ನೋ ತಾಯಿಯನ್ನೋ 'ನೀನು ಊಟ ಮಾಡಿದೆಯಾ, ರಾತ್ರಿ ನಿದ್ದೆ ಬಂತಾ' ಅಂತ ಕೇಳುವವರು ಕಡಿಮೆ. ಇದು ಆ ಹೆಂಗಸರಿಗಾಗಿ.

ಮೊದಲು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಅವರು ಕುಡಿಯುವುದಕ್ಕೆ ನೀವು ಕಾರಣ ಅಲ್ಲ. 'ಹೆಂಡತಿ ಸರಿ ಇದ್ದಿದ್ರೆ ಅವನ್ಯಾಕೆ ಕುಡೀತಿದ್ದ' ಅಂತ ಅತ್ತೆ ಮನೆಯವರು ಹೇಳಬಹುದು, ಕೇಳಿ ಕೇಳಿ ನಿಮಗೂ ಹಾಗೇ ಅನ್ನಿಸಿರಬಹುದು. ಚಟ ಒಂದು ಕಾಯಿಲೆ. ನೀವು ಜಗಳ ಆಡಿದ್ದರಿಂದ ಬಂದಿದ್ದಲ್ಲ, ಸುಮ್ನೆ ಇದ್ದರೆ ಹೋಗುವುದೂ ಇಲ್ಲ.

ಇನ್ನು ದಿನದ ಲೆಕ್ಕಕ್ಕೆ ಬರೋಣ. ಸಂಜೆ ಏಳಾಯಿತು ಅಂದರೆ ಬೈಕ್ ಸದ್ದಿಗೆ ಕಿವಿ ಕೊಡುವುದು, ಬಾಗಿಲಲ್ಲೇ ಬಾಯಿ ವಾಸನೆ ನೋಡುವುದು, ಪ್ಯಾಂಟ್ ಜೇಬಲ್ಲಿ, ಬೈಕ್ ಡಿಕ್ಕಿಯಲ್ಲಿ 90 ಎಂಎಲ್ ಟೆಟ್ರಾ ಪ್ಯಾಕ್ ಹುಡುಕುವುದು, ಬೆಳಿಗ್ಗೆ ಅವರ ಮೇಸ್ತ್ರಿಗೆ ಫೋನ್ ಮಾಡಿ 'ಜ್ವರ ಬಂದಿದೆ ಅಣ್ಣಾ, ಇವತ್ತು ಬರಲ್ಲ' ಅನ್ನುವುದು. ಇದರಲ್ಲೇ ನಿಮ್ಮ ಅರ್ಧ ಆಯಸ್ಸು ಹೋಗುತ್ತದೆ. ಒಂದೊಂದಾಗಿ ಬಿಡಿ. ಮೊದಲು ಆ ಫೋನ್ ಬಿಡಿ. ಅವರ ರಜೆಯನ್ನು ಅವರೇ ಕೇಳಲಿ, ಬಾರ್ ಸಾಲ ಅವರೇ ತೀರಿಸಲಿ. ಇದು ಕಲ್ಲು ಮನಸ್ಸಲ್ಲ. ಕುಡಿತದ ಬಿಸಿ ಕುಡಿಯುವವರಿಗೇ ತಟ್ಟಬೇಕು, ಅಲ್ವಾ?

ಕುಡಿದು ಬಂದಾಗ ಬುದ್ಧಿ ಹೇಳಲು ಹೋಗಬೇಡಿ. ಆ ಹೊತ್ತಿನ ಮಾತು ಬೆಳಿಗ್ಗೆಗೆ ನೆನಪೂ ಇರುವುದಿಲ್ಲ. ಇಳಿದ ಮೇಲೆ, ಮಕ್ಕಳು ಶಾಲೆಗೆ ಹೋದಾಗ, ಚಿಕ್ಕದಾಗಿ ಹೇಳಿ: 'ನಿನ್ನೆ ನೀವು ಬಿದ್ದಾಗ ಪಾಪು ಹೆದರಿಕೊಂಡಿತು. ಡಾಕ್ಟರ್ ಹತ್ತಿರ ಹೋಗೋಣ, ನಾನೂ ಬರ್ತೀನಿ.' ದಯವಿಟ್ಟು ಮಕ್ಕಳ ತಲೆ ಮುಟ್ಟಿಸಿ ಆಣೆ ಮಾತ್ರ ಹಾಕಿಸಬೇಡಿ. ಅವರು ಆಣೆ ಮುರಿದ ದಿನ ನನಗೇನೋ ಆಗುತ್ತದೆ ಅಂತ ಮಗು ರಾತ್ರಿಯೆಲ್ಲ ಹೆದರುತ್ತದೆ.

ಅವರಿಗೆ ಗೊತ್ತಾಗದ ಹಾಗೆ ಸಾರಲ್ಲಿ ಬೆರೆಸುವ ಪುಡಿ, ಮಾತ್ರೆ ಬೇಡವೇ ಬೇಡ. ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಡೈಸಲ್ಫಿರಾಮ್ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಜೀವಕ್ಕೇ ಅಪಾಯ ಆಗಬಹುದು. ಅದಕ್ಕೇ ರೋಗಿಗೆ ಹೇಳದೆ ಕೊಡುವ ಹಾಗಿಲ್ಲ. ಹಾಗೇ ವರ್ಷಗಟ್ಟಲೆ ದಿನಾ ಕುಡಿದವರನ್ನು ರೂಮಿನಲ್ಲಿ ಕೂಡಿ ಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಎರಡು ಮೂರು ದಿನದೊಳಗೆ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾದರೆ ಅದು ನಾಟಕ ಅಲ್ಲ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಜಿಲ್ಲಾಸ್ಪತ್ರೆಯ ಮನೋವೈದ್ಯರು ನೋಡುತ್ತಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟದ ಚಿಕಿತ್ಸೆಗೇ ಬೇರೆ ವಿಭಾಗ ಇದೆ.

ದುಡ್ಡಿನ ವಿಷಯದಲ್ಲಿ ಮೆತ್ತಗಾಗಬೇಡಿ. ಗೃಹಲಕ್ಷ್ಮಿಯ 2000 ರೂಪಾಯಿ ಬರುವ ಖಾತೆಯ ಎಟಿಎಂ ಕಾರ್ಡು, ಪಿನ್ ನಿಮ್ಮ ಹತ್ತಿರವೇ ಇರಲಿ. ಅವರ ಸಾಲಕ್ಕೆ ಸಂಘದಲ್ಲಿ ನಿಮ್ಮ ಸಹಿ ಹಾಕಬೇಡಿ.

ಕೈ ಎತ್ತಿದರೆ 'ಕುಡಿದಾಗ ಮಾತ್ರ ಹೊಡೆಯೋದು' ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಪೊಲೀಸರಿಗೆ 112, ಮಹಿಳಾ ಸಹಾಯವಾಣಿಗೆ 181. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಆ ಮನೆಯಲ್ಲೇ ಇರುವ ಹಕ್ಕನ್ನೂ ಕೇಳಬಹುದು. ಆಧಾರ್, ಪಾಸ್‌ಬುಕ್, ಸ್ವಲ್ಪ ಹಣ, ಒಂದು ಜೊತೆ ಬಟ್ಟೆ ಪಕ್ಕದ ಮನೆಯಲ್ಲೋ ತವರಲ್ಲೋ ಇಟ್ಟಿರಿ.

ಈಗ ನಿಮ್ಮ ಮನಸ್ಸಿನ ಮಾತು. ಪ್ರೀತಿ, ಸಿಟ್ಟು, ನಾಚಿಕೆ ಮೂರೂ ಒಟ್ಟಿಗೇ ಬರುತ್ತವೆ, 'ಇವನು ಸತ್ತರೆ ಸಾಕು' ಅಂತ ಅನ್ನಿಸಿ ಮರುಕ್ಷಣ ಅಳುವೂ ಬರುತ್ತದೆ. ಹಾಗೆ ಅನ್ನಿಸಿದ್ದಕ್ಕೆ ನೀವು ಕೆಟ್ಟವರಾಗಲಿಲ್ಲ. ಇದನ್ನು ಹೇಳಿಕೊಳ್ಳಲು ಒಬ್ಬರು ಬೇಕು. ಅಕ್ಕ ಇರಬಹುದು, ಜೊತೆ ಕೆಲಸದವಳು ಇರಬಹುದು. ಯಾರೂ ಇಲ್ಲವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಚಟದ ಬಗ್ಗೆಯೇ ಕೇಳಲು 14446. ಅವರು ಒಪ್ಪದಿದ್ದರೂ ನೀವು ಒಬ್ಬರೇ ಸಲಹೆ ಕೇಳಬಹುದು. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಗುಂಪುಗಳಿವೆ. 1951ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಬೆಂಗಳೂರಲ್ಲೂ ಸೇರುತ್ತಾರೆ. ಮೊದಲ ದಿನ ಬಾಯಿ ಬಿಡದೆ ಕೂತು ಕೇಳಿ ಬಂದರೂ ಸಾಕು.

ಶಿಬಿರಕ್ಕೋ ಆಸ್ಪತ್ರೆಗೋ ಹೋಗಿ ಬಂದವರು ಮತ್ತೆ ಕುಡಿಯುವುದುಂಟು. ಆ ವಾರವೂ ನಿಮ್ಮ ಗುಂಪು ತಪ್ಪಿಸಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮಾರನೇ ದಿನ ಡಾಕ್ಟರಿಗೆ ಫೋನ್ ಮಾಡಿ ಹೇಳಿ.