ಕೆಲಸದ ಕಿಸೆಗೊಂದು ಬೆದರಿಸದ ಚಾಕು: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಸ್ಟೋರ್ಸ್ ಮತ್ತು ಡಿಸ್ಪ್ಯಾಚ್ ನೋಡಿಕೊಳ್ಳುವವನಿಗೆ ಕತ್ತರಿಸುವ ಕೆಲಸ ಒಂದೆರಡಲ್ಲ. ಬೇರಿಂಗ್ ಬಂದ ರಟ್ಟಿನ ಡಬ್ಬಿಯ ಟೇಪು, ಮೂಟೆಯ ಸುತಳಿ, ಕುರಿಯರ್ ಪಾಕೀಟು, ಪ್ಲಾಸ್ಟಿಕ್ ಪಟ್ಟಿ, ಕೇಬಲ್ ಟೈ, ಮಧ್ಯಾಹ್ನ ಯಾರೋ ತಂದ ಪೇರಲ ಹಣ್ಣು. ಅದೇ ಕೋಣೆಯಲ್ಲಿ ಅಕೌಂಟ್ಸ್‌ನವರು ಕೂಡುತ್ತಾರೆ, ಗಿರಾಕಿಗಳ ಕಡೆಯ ಇನ್‌ಸ್ಪೆಕ್ಟರ್ ಬರುತ್ತಾರೆ, ಚಲನ್ ಹಿಡಿದು ಲಾರಿ ಡ್ರೈವರ್ ನಿಂತಿರುತ್ತಾನೆ. ಚಾಕು ಚೆನ್ನಾಗಿ ಕೊಯ್ಯಬೇಕು ಅನ್ನುವುದು ಅರ್ಧ ಮಾತು. ತೆಗೆದಾಗ ಎದುರಿಗಿದ್ದವರು ಕುರ್ಚಿ ಹಿಂದಕ್ಕೆ ಸರಿಸಬಾರದು, ಅದು ಉಳಿದರ್ಧ.

ಜನ ಬೆಚ್ಚುವುದು ಅಲಗಿನ ಉದ್ದಕ್ಕಿಂತ ಅದು ತೆರೆದುಕೊಳ್ಳುವ ರೀತಿಗೆ. ಹೆಬ್ಬೆರಳಿನಿಂದ ತಳ್ಳಿದ ಕೂಡಲೇ ಚಿಮ್ಮಿ, 'ಟಕ್' ಎಂದು ಲಾಕ್ ಬೀಳುವ ಚಾಕು ಎರಡೇ ಇಂಚಿದ್ದರೂ ಸಿನಿಮಾದ ರಾಂಪುರಿಯನ್ನೇ ನೆನಪಿಸುತ್ತದೆ. ಆಮೇಲೆ ಮೊನೆ: ಸೂಜಿಯಂತೆ ಚೂಪಾಗಿದ್ದರೆ ಚುಚ್ಚಲಿಕ್ಕೆ ಇಟ್ಟುಕೊಂಡಿದ್ದಾನೆ ಅನಿಸುತ್ತದೆ. ಮೂರನೆಯದು ಕಪ್ಪು ಬಣ್ಣ ಮತ್ತು ಕಿಸೆಯ ಹೊರಗೆ ಕಾಣುವ ಕ್ಲಿಪ್ಪು. ಕ್ಲಿಪ್ ಅನುಕೂಲವೇ, ಆದರೆ ಇವನ ಕಿಸೆಯಲ್ಲಿ ಏನೋ ಇದೆ ಎಂದು ಇಡೀ ಆಫೀಸಿಗೆ ಸಾರುತ್ತದೆ. ಇದಕ್ಕೆಲ್ಲ ಉಲ್ಟಾ ಹೋದರೆ ಆಯ್ಕೆ ಹೆಚ್ಚುಕಡಿಮೆ ತಾನಾಗಿಯೇ ಮುಗಿಯುತ್ತದೆ: ಎರಡೂ ಕೈಯಿಂದ, ಉಗುರು ಸಿಗಿಸಿ ನಿಧಾನ ತೆರೆಯುವುದು, ಲಾಕ್ ಇಲ್ಲದ್ದು, ಕೆಂಪು, ಹಳದಿ ಅಥವಾ ನೀಲಿ ಹಿಡಿ, ಜೊತೆಗೆ ಒಂದು ಕತ್ತರಿಯೋ ಸ್ಕ್ರೂಡ್ರೈವರೋ ಇದ್ದರೆ ನೋಡಿದವರಿಗೆ ಅದು ಸಾಮಾನು ಅನಿಸುತ್ತದೆ.

ಉದ್ದದ ಲೆಕ್ಕವನ್ನು ಕೊಯ್ಯುವ ವಸ್ತುವಿನಿಂದ ಶುರು ಮಾಡಬೇಕು. ಮೂರು ಪದರದ ರಟ್ಟು ಸುಮಾರು 3 ಮಿ.ಮೀ. ದಪ್ಪ, ಐದು ಪದರದ್ದು 5-6 ಮಿ.ಮೀ. ಡಬ್ಬಿ ತೆರೆಯುವಾಗ ಅಲಗು ಅದಕ್ಕಿಂತ ಆಳ ಹೋದರೆ ಒಳಗಿನ ಮಾಲಿಗೆ ಗೀರು ಬೀಳುತ್ತದೆ. ಮಷಿನಿಂಗ್ ಆದ ಮೇಲ್ಮೈಯಾಗಿದ್ದರೆ ರಿಜೆಕ್ಷನ್. ಅಂದರೆ ಟೇಪು, ರಟ್ಟು, ಸುತಳಿಗೆ 35-40 ಮಿ.ಮೀ. ಅಲಗು ಧಾರಾಳ ಸಾಕು. ಹಣ್ಣು ಹೆಚ್ಚುವುದಿದ್ದರೆ ಮಾತ್ರ 60-70 ಮಿ.ಮೀ. ಬೇಕೆನಿಸುತ್ತದೆ. ಅದಕ್ಕೂ ಮೇಲೆ ಹೋದರೆ ಕೆಲಸವೇನೂ ಹೆಚ್ಚುವುದಿಲ್ಲ, ಜನರ ಪ್ರಶ್ನೆ ಹೆಚ್ಚುತ್ತದೆ.

ಲಾಕ್ ಇಲ್ಲದ ಚಾಕುವಿಗೆ ಭಯಪಡುವವರಿದ್ದಾರೆ. ಇದರಲ್ಲಿ ಅಲಗನ್ನು ಹಿಡಿದಿಡುವುದು ಬೆನ್ನಿನ ಸ್ಪ್ರಿಂಗ್ ಪಟ್ಟಿ ಮಾತ್ರ. ಬಾಯಿಯ, ಅಂದರೆ ಹರಿತವಾದ ಅಂಚಿನ, ಕಡೆ ಒತ್ತಡ ಬಿದ್ದಷ್ಟು ಹೊತ್ತು ಅಲಗು ಇನ್ನಷ್ಟು ತೆರೆದೇ ನಿಲ್ಲುತ್ತದೆ. ಬೆನ್ನಿನ ಕಡೆ ಒತ್ತಡ ಬಿದ್ದರೆ ಮಡಚಿ ಬೆರಳಿನ ಮೇಲೆ ಬರುತ್ತದೆ. ಹೀಗಾಗುವುದು ಎರಡು ಸಂದರ್ಭದಲ್ಲಿ: ಮೊನೆಯನ್ನು ಗಟ್ಟಿ ವಸ್ತುವಿಗೆ ಚುಚ್ಚಿದಾಗ, ಮತ್ತು ದಪ್ಪ ರಟ್ಟಿನಲ್ಲಿ ಸಿಕ್ಕಿಕೊಂಡ ಅಲಗನ್ನು ಮೇಲಕ್ಕೆ ಕಿತ್ತಾಗ. ಚುಚ್ಚುವುದನ್ನು ಬಿಟ್ಟು, ಟೇಪಿನ ಅಂಚಿನಲ್ಲಿ ಇಳಿಸಿ ತನ್ನ ಪಕ್ಕಕ್ಕೆ ಎಳೆದು ಕೊಯ್ಯಬೇಕು. ಸಿಕ್ಕಿಕೊಂಡರೆ ಬಂದ ದಾರಿಯಲ್ಲೇ ವಾಪಸ್ ಜಾರಿಸಬೇಕು.

ಇನ್ನು ಯಾವುದು ಅನ್ನುವ ವಿಚಾರ. ನನ್ನ ಕೀ ಗೊಂಚಲಿನಲ್ಲಿರುವುದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ ಕಂಪನಿಯ ಕ್ಲಾಸಿಕ್ ಎಸ್‌ಡಿ. ಮಡಚಿದಾಗ 58 ಮಿ.ಮೀ., ತೂಕ 20 ಗ್ರಾಂ ಆಸುಪಾಸು. ಒಂದು ಪುಟ್ಟ ಅಲಗು, ಕತ್ತರಿ, ತುದಿ ಸ್ಕ್ರೂಡ್ರೈವರ್ ಆಗಿರುವ ಉಗುರು ಉಜ್ಜುವ ಪಟ್ಟಿ, ಚಿಮುಟ, ಹಲ್ಲುಕಡ್ಡಿ. ಆಫೀಸಿನಲ್ಲಿ ಹೆಚ್ಚು ಕೈಗೆ ಬರುವುದು ಅದರ ಕತ್ತರಿಯೇ: ಪಾಕೀಟಿನ ತುದಿ, ದಾರ, ಸಣ್ಣ ಕೇಬಲ್ ಟೈ ಎಲ್ಲ ಅದರಲ್ಲೇ ಮುಗಿಯುತ್ತವೆ. ಕತ್ತರಿ ಕಂಡು ಬೆದರಿದವರನ್ನು ನಾನು ನೋಡಿಲ್ಲ. ಕೇಬಲ್ ಟೈಗೆ ಚಾಕು ಹಾಕಲೇಬಾರದು. ಜಾರಿದರೆ ಅಲಗು ನೇರ ವೈರಿನ ಇನ್ಸುಲೇಷನ್ನಿಗೆ ಹೋಗುತ್ತದೆ.

ಡ್ರಾಯರಿನಲ್ಲಿ ಇರುವುದು ಅದೇ ಕಂಪನಿಯ 91 ಮಿ.ಮೀ. ಟಿಂಕರ್. ಸ್ಪಾರ್ಟನ್ ಕೂಡ ಇದೇ ಗಾತ್ರದ್ದು, ಆದರೆ ಅದರ ಬೆನ್ನಿಗೆ ಬಾಟಲಿಯ ಬೂಚು ತೆಗೆಯುವ ಸುರುಳಿ ಇದೆ. ಟಿಂಕರ್‌ನಲ್ಲಿ ಆ ಜಾಗಕ್ಕೆ ಪ್ಲಸ್ ಸ್ಕ್ರೂಡ್ರೈವರ್. ಪ್ಯಾನೆಲ್ ಮುಚ್ಚಳ, ಕುರ್ಚಿಯ ಸ್ಕ್ರೂ ಬಿಗಿಯಲು ಅದು ದಿನವೂ ಬೇಕು. ಸುರುಳಿ ನಮ್ಮಲ್ಲಿ ನಗೆಪಾಟಲಿಗಷ್ಟೇ ಬರುತ್ತದೆ, "ಏನ್ರೀ, ಸಂಜಿ ಸಾಮಾನು ಮುಂಜಾನಿನ ತಂದೀರಿ?" ಅಂತ.

ಫ್ರಾನ್ಸಿನ ಒಪಿನೆಲ್‌ನ ಮರದ ಹಿಡಿಯನ್ನು ನೋಡಿದರೆ ಅಡುಗೆಮನೆಯ ಚಾಕು ಅನಿಸುತ್ತದೆ, ಅದು ಒಳ್ಳೆಯ ಗುಣ. 6ನೇ ನಂಬರಿನಿಂದ ಮೇಲಿನವಕ್ಕೆ ಕೊರಳಲ್ಲಿ ತಿರುಗಿಸುವ ಲಾಕ್ ಬಳೆ ಇರುತ್ತದೆ. 1955ರಿಂದ ಬಂದ ವ್ಯವಸ್ಥೆ ಅದು. ಕೈಯಿಂದ ನಿಧಾನ ತಿರುಗಿಸಬೇಕಾದ್ದರಿಂದ ಸದ್ದಿಲ್ಲ, ಚಿಮ್ಮುವುದೂ ಇಲ್ಲ. ಮಕ್ಕಳಿಗೆಂದು ಮಾಡಿದ 7ನೇ ನಂಬರಿನ ಮೊನೆ ದುಂಡಗಿದೆ, ಹಿಡಿಯೂ ಬಣ್ಣದ್ದು. ಹಣ್ಣಿನ ಕೆಲಸಕ್ಕೆ ಅದಕ್ಕಿಂತ ಸೌಮ್ಯವಾದದ್ದು ಸಿಗಲಿಕ್ಕಿಲ್ಲ. ತೊಂದರೆ ಬೆಳಗಾವಿಯ ಮಳೆಗಾಲದ್ದು: ಜೂನ್ ದಾಟಿತೆಂದರೆ ಮರ ತೇವ ಕುಡಿದು ಉಬ್ಬುತ್ತದೆ, ಅಲಗು ಒಳಗೇ ಬಿಗಿಯುತ್ತದೆ. ಹಿಡಿಯ ಹಿಂಬದಿಯನ್ನು ಟೇಬಲ್ಲಿನ ಅಂಚಿಗೆ ಮೆಲ್ಲಗೆ ಕುಟ್ಟಿದರೆ ಅಲಗು ತುಸು ಹೊರಬರುತ್ತದೆ. ಇದರಲ್ಲಿ ಕಾರ್ಬನ್ ಸ್ಟೀಲು, ಸ್ಟೇನ್‌ಲೆಸ್ಸು ಎರಡೂ ಇವೆ. ಕಿಸೆಯ ಬೆವರು, ನಿಂಬೆಯ ಹುಳಿ, ಮಳೆ ಮೂರೂ ಸೇರಿದರೆ ಕಾರ್ಬನ್‌ಗೆ ಒಂದೇ ರಾತ್ರಿಯಲ್ಲಿ ಕಲೆ ಕೂಡುತ್ತದೆ, ಆದ್ದರಿಂದ ಸ್ಟೇನ್‌ಲೆಸ್ಸೇ ಇರಲಿ.

ಪ್ಯಾಕಿಂಗ್ ಟೇಬಲ್ಲಿಗೆ ಬಂದರೆ ಕಿಸೆಯ ಚಾಕು ತಪ್ಪು ಸಾಧನ. ಚರ್ಮದ ಕೈಗವಸು ಹಾಕಿದ ಕೈಗೆ ಅಲಗಿನ ಮೇಲಿನ ಉಗುರು ಸಿಗಿಸುವ ಗೀರು ಸಿಗುವುದಿಲ್ಲ, ಎಣ್ಣೆಗೈಯಿಂದ ಜಾರುತ್ತದೆ. ಅಲ್ಲಿಗೆ ಅಲಗು ತಾನೇ ಒಳಗೆ ಹೋಗುವ ಸೇಫ್ಟಿ ಕಟರ್, ಸ್ಟ್ರೆಚ್ ಫಿಲ್ಮಿಗೆ ಕೊಕ್ಕೆಯಾಕಾರದ್ದು. ಪ್ಲಾಸ್ಟಿಕ್ ಪಟ್ಟಿ ಬಿಗಿಯಲ್ಲಿರುತ್ತದೆ. ಒಂದು ಕೈಯಲ್ಲಿ ಅದನ್ನು ಡಬ್ಬಿಗೆ ಒತ್ತಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಕೊಯ್ಯದಿದ್ದರೆ ತುದಿ ಕಣ್ಣಿಗೆ ಬಡಿಯುತ್ತದೆ. ಉಕ್ಕಿನ ಪಟ್ಟಿಗೆ ತಗಡು ಕತ್ತರಿಯೇ ಬೇಕು, ಚಾಕುವಿನ ಮಾತೇ ಇಲ್ಲ. ಅಲಗಿನ ಮೊಂಡಾದ ತುದಿ ಮುರಿದು ಮುಂದೆ ಸರಿಸುವ ಹಳದಿ ಕಟರ್, ಜಪಾನಿನ ಓಲ್ಫಾ ಕಂಪನಿಯ ಸ್ಥಾಪಕರು 1956ರಲ್ಲಿ ತಂದ ಕಲ್ಪನೆ, ರಟ್ಟಿಗೆ 18 ಮಿ.ಮೀ. ಅಗಲದ್ದು, ಕಾಗದಕ್ಕೆ 9 ಮಿ.ಮೀ. ಅಗಲದ್ದು ಚೆನ್ನ. ಆದರೆ ವಿಜಯಪುರದ ಕಡೆ ಒಣದ್ರಾಕ್ಷಿ ಪ್ಯಾಕ್ ಮಾಡುವ ಘಟಕಗಳಂಥ ಕಡೆಗೆ ಅದನ್ನು ಒಯ್ಯಬೇಡಿ. ಮುರಿದ ತುಂಡು ಒಂದು ಹಣ್ಣಿನಲ್ಲಿ ಸೇರಿತೆಂದರೆ ಇಡೀ ಲಾಟು ಅನುಮಾನಕ್ಕೆ ಬೀಳುತ್ತದೆ. ಆಹಾರ ಘಟಕಗಳ ಆಡಿಟ್‌ನಲ್ಲಿ ಅಂಥ ಕಟರ್‌ಗೆ ಪ್ರವೇಶವಿಲ್ಲ.

ಹರಿತದ ಬಗ್ಗೆ ತುಸು ವಿವರವಾಗಿ ಹೇಳಬೇಕು, ಯಾಕೆಂದರೆ ಮೊಂಡು ಚಾಕು ಹಿಡಿದವನು ಜೋರಾಗಿ ಒತ್ತುತ್ತಾನೆ, ಆ ಭಂಗಿಯೇ ನೋಡುವವರಿಗೆ ಕೆಟ್ಟದಾಗಿ ಕಾಣುತ್ತದೆ. ವಿಕ್ಟೋರಿನಾಕ್ಸ್‌ನ ಉಕ್ಕು ಗಡಸುತನದ ರಾಕ್‌ವೆಲ್ ಮಾಪನದಲ್ಲಿ 56ರ ಆಸುಪಾಸು. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಸಾಣೆಗೂ ಒಲಿಯುತ್ತದೆ. ರಟ್ಟಿನಲ್ಲಿ, ಅದರಲ್ಲೂ ರದ್ದಿಯಿಂದ ಮಾಡಿದ್ದರಲ್ಲಿ, ಮಣ್ಣಿನ ಸಣ್ಣ ಕಣಗಳಿರುತ್ತವೆ, ಬಾಯಿ ತಿನ್ನುವುದು ಅವೇ. ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಸಾಣೆಕಲ್ಲು ಸಾಕು. ಒರಟು ಮುಖ ಅಲಗಿನ ಬಾಯಿಗೆ ಹಲ್ಲು ಬಿದ್ದಾಗ ಮಾತ್ರ, ದಿನದ ಕೆಲಸಕ್ಕೆ ನಯ ಮುಖ. ಕೋನ ಒಂದು ಬದಿಗೆ 15ರಿಂದ 20 ಡಿಗ್ರಿ: 12 ಮಿ.ಮೀ. ಅಗಲದ ಅಲಗಾದರೆ ಬೆನ್ನನ್ನು ಕಲ್ಲಿನಿಂದ 3-4 ಮಿ.ಮೀ. ಎತ್ತಬೇಕು, ಅಂದರೆ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಅದೇ ಎತ್ತರ ಕಾಯ್ದುಕೊಂಡು ಬುಡದಿಂದ ತುದಿಯವರೆಗೆ ಎಳೆಯಿರಿ. ಮತ್ತೊಂದು ಬದಿಯಲ್ಲಿ ಬೆರಳಿಗೆ ಸಣ್ಣ ಬರ್, ಅಂದರೆ ಮಡಚಿ ನಿಂತ ಉಕ್ಕಿನ ಒರಟು ಎಳೆ, ಹತ್ತುವವರೆಗೆ ಬದಿ ಬದಲಿಸಬಾರದು. ಬರ್ ಬಂದಿಲ್ಲ ಅಂದರೆ ಬಾಯಿಯ ತುದಿಗೆ ಕಲ್ಲು ಮುಟ್ಟಿಯೇ ಇಲ್ಲ ಅಂತ ಅರ್ಥ. ಅರ್ಧ ತಾಸು ಉಜ್ಜಿದರೂ ಚಾಕು ಮೊಂಡಾಗೇ ಉಳಿಯುವುದು ಇದೇ ಕಾರಣಕ್ಕೆ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಪ್ರತಿ ಬದಿಗೆ ಹತ್ತು ಸಲ. ದಿನಪತ್ರಿಕೆಯ ಹಾಳೆಯ ಅಂಚು ಸದ್ದಿಲ್ಲದೆ ಸೀಳಬೇಕು. ಸೈಕಲ್ ಸಾಣೆಯವರ ಕೈಗೆ ಈ ತೆಳು ಅಲಗು ಕೊಡಬೇಡಿ. ಒಣ ಚಕ್ರದ ಬಿಸಿಗೆ ಅಂಚು ನೀಲಿ ತಿರುಗಿದರೆ ಹದ ಹೋಯಿತು, ಆಮೇಲೆ ಎಷ್ಟು ಹರಿತ ಮಾಡಿದರೂ ನಿಲ್ಲುವುದಿಲ್ಲ.

ಮಡಿಕೆಯ ಕೀಲಿಗೆ ಎರಕ ಹೊಯ್ಯುವ ಫೌಂಡ್ರಿಯ ಮರಳುಧೂಳು ದೊಡ್ಡ ಶತ್ರು. ಧೂಳಿನ ಮೇಲೆಯೇ ಎಣ್ಣೆ ಬಿಟ್ಟರೆ ಅದು ಉಜ್ಜುವ ಪೇಸ್ಟ್ ಆಗುತ್ತದೆ. ಮೊದಲು ಬಿಸಿನೀರು, ಪಾತ್ರೆ ಸೋಪು, ಹಳೇ ಹಲ್ಲುಜ್ಜುವ ಬ್ರಶ್ಶು. ನೀರಲ್ಲೇ ಹತ್ತಾರು ಸಲ ತೆರೆದು ಮುಚ್ಚಿ, ಪೂರ್ತಿ ಒಣಗಿಸಿ, ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ. ಕೊಬ್ಬರಿ ಎಣ್ಣೆ ಬೇಡ, ಬೆಳಗಾವಿಯ ಡಿಸೆಂಬರಿನಲ್ಲಿ ಗಟ್ಟಿಯಾಗಿ ಅಲಗು ಏಳುವುದೇ ಇಲ್ಲ. ಗೋಕಾಕ ಅಥವಾ ಅಮೀನಗಡದ ಕರದಂಟು ಹಂಚುವಾಗಲೂ ಹುಷಾರು: ಬೆಲ್ಲ, ಅಂಟು ಹಿಡಿದ ಅಲಗನ್ನು ಒರೆಸದೆ ಮಡಚಿದರೆ ಕೀಲು ಕಚ್ಚಿಕೊಳ್ಳುತ್ತದೆ. ಬಿಸಿನೀರಲ್ಲಿ ಅದ್ದಿ ಒರೆಸಿದ ಅಲಗನ್ನು ಮೇಲಿನಿಂದ ನೇರ ಒತ್ತಬೇಕು, ಗರಗಸದಂತೆ ಎಳೆದರೆ ತುಂಡು ಪುಡಿಯಾಗುತ್ತದೆ.

ಬಳಸುವ ರೀತಿ ಆಯ್ಕೆಯಷ್ಟೇ ಮುಖ್ಯ. ಟೇಬಲ್ಲಿನ ಮೇಲೆ ಮೊದಲು ಡಬ್ಬಿ ಇಡಿ, ಆಮೇಲೆ ಚಾಕು ತೆಗೆಯಿರಿ. ಕೊಯ್ದ ಕೂಡಲೇ ಮಡಚಿ, ಆಮೇಲೆ ಮಾತಾಡಿ. ತೆರೆದ ಅಲಗು ಹಿಡಿದು ಕೈ ಬೀಸುತ್ತಾ ಮಾತಾಡುವವನ ಚಾಕು ಗುಲಾಬಿ ಬಣ್ಣದ್ದಾದರೂ ಬೆದರಿಸುತ್ತದೆ. ಯಾರಾದರೂ ಕೇಳಿದರೆ ಮಡಚಿ ಟೇಬಲ್ಲಿನ ಮೇಲಿಡಿ, ಅವರೇ ಎತ್ತಿಕೊಳ್ಳಲಿ. "ಕೈಯಾಗ ಕೊಟ್ರ ಜಗಳ ಆಗ್ತಾವ" ಅನ್ನುವ ಹಿರಿಯರ ಮಾತು ಸುರಕ್ಷತೆಯ ಪಾಠವಾಗಿಯೂ ಸರಿ. ಖಂಡೆ ಪೂಜೆಯ ದಿನ ನಮ್ಮ ಟೇಬಲ್ಲಿನಲ್ಲಿ ವರ್ನಿಯರ್, ಸ್ಪ್ಯಾನರ್ ಸಾಲಿನಲ್ಲೇ ಚಾಕುವಿಗೂ ಕುಂಕುಮ ಬೀಳುತ್ತದೆ. ಯಾರ ಕಣ್ಣೂ ಅದರ ಮೇಲೆ ನಿಲ್ಲುವುದಿಲ್ಲ.

ಕಾನೂನಿನ ವಿಷಯ ಸಂಕ್ಷಿಪ್ತವಾಗಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಹೆಸರಿಸಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಅದರಲ್ಲೂ ಮನೆ, ಕೃಷಿ, ವೈಜ್ಞಾನಿಕ, ಕೈಗಾರಿಕೆ ಬಳಕೆಗೆ ಮಾಡಿದ್ದನ್ನು ಹೊರಗಿಟ್ಟಿದ್ದಾರೆ. ನಾವು ಮಾತಾಡುತ್ತಿರುವುದು ಅದರ ಕಾಲುಭಾಗದಷ್ಟು. ಹಾಗಂತ ಎಲ್ಲೆಡೆ ಸಲ್ಲುತ್ತದೆ ಅಂತಲ್ಲ. ನಿಷೇಧಾಜ್ಞೆ ಇದ್ದಾಗ, ಹಿಂದೆ 144 ಅನ್ನುತ್ತಿದ್ದುದು ಈಗ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ, ಆದೇಶವನ್ನು ಓದಿ ನೋಡಿ, ಇಲ್ಲವೇ ಮನೆಯಲ್ಲೇ ಬಿಡಿ. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಆ ಕಡೆ ಕೆಲಸವಿದ್ದರೆ, ಕೋರ್ಟಿಗೆ, ಡಿ.ಸಿ. ಕಚೇರಿಗೆ ಹೋಗುವುದಿದ್ದರೆ ಗಾಡಿಯ ಡಿಕ್ಕಿಯೇ ಅದರ ಜಾಗ.

ಕಾರ್ಖಾನೆಯ ಸ್ವಂತ ನಿಯಮವನ್ನು ಮೊದಲೇ ಕೇಳಿ. ಕೆಲವು ಕಡೆ ಸೇಫ್ಟಿ ವಿಭಾಗ ಖಾಸಗಿ ಚಾಕುವಿಗೆ ಒಪ್ಪುವುದೇ ಇಲ್ಲ, ಅಲ್ಲಿ ವಾದ ಮಾಡಬೇಡಿ, ಅವರು ಕೊಟ್ಟ ಕಟರ್ ಬಳಸಿ. ಒಪ್ಪಿದರೆ ಅಲಗಿನ ಅಳತೆ ಸಮೇತ ಟೂಲ್ ರಿಜಿಸ್ಟರಿನಲ್ಲಿ ಬರೆಸಿ, ಗೇಟಿನ ಸೆಕ್ಯುರಿಟಿಗೆ ಒಮ್ಮೆ ತೆರೆದು ತೋರಿಸಿ. ಸಾಂಬ್ರಾದಿಂದ ವಿಮಾನ ಹತ್ತುವುದಿದ್ದರೆ ಹಿಂದಿನ ರಾತ್ರಿಯೇ ಕೀ ಗೊಂಚಲಿನಿಂದ ಬಿಚ್ಚಿಡಿ ಅಥವಾ ಚೆಕ್-ಇನ್ ಬ್ಯಾಗಿಗೆ ಹಾಕಿ. 58 ಮಿ.ಮೀ.ಯದ್ದಾದರೂ ಕೈಚೀಲದಲ್ಲಿ ಬಿಡುವುದಿಲ್ಲ.