ಕಾಂಪೌಂಡ್ ಇಲ್ಲದ ಮ್ಯೂಸಿಯಂ: ನನ್ನ ಅನುಭವ

ಕಾಂಪೌಂಡ್ ಇಲ್ಲದ ಕಲಾ ಮ್ಯೂಸಿಯಂ ಮೈಸೂರಲ್ಲಿ ನಡೆಯಲ್ಲ ಅಂದವರೇ ಎಲ್ಲರೂ. ದನ ನುಗ್ಗುತ್ತೆ, ಎಲೆ ಅಡಿಕೆ ಉಗೀತಾರೆ, ರಾತ್ರಿ ಕುಡುಕರು ಮಲಗ್ತಾರೆ ಅಂದರು. ಎರಡು ಮಳೆಗಾಲ ಕಳೆದವು. ಮ್ಯೂಸಿಯಂ ಚೆನ್ನಾಗಿಯೇ ನಡೆಯುತ್ತಿದೆ. ಅಂದವರೇ ಈಗ ನಾನು ಮಾಡಿದ ಕಟ್ಟಡದ ಡ್ರಾಯಿಂಗ್ ಕೇಳುತ್ತಿದ್ದಾರೆ.

ಜಾಗ ದೇವರಾಜ ಮಾರುಕಟ್ಟೆಯಿಂದ ನಡೆದು ಬರುವಷ್ಟು ದೂರ. ಮುಂದೊಂದು ರಸ್ತೆ, ಹಿಂದೊಂದು ರಸ್ತೆ. ಮಾರ್ಕೆಟ್ಟಿಗೆ ಹೋಗುವವರು ಸೈಟನ್ನು ಸುತ್ತಿಕೊಂಡು ಹೋಗಬೇಕಿತ್ತು. ನಾನು ಕಟ್ಟಡದ ನಡುವೆಯೇ 12 ಅಡಿಯ ಓಣಿ ಬಿಟ್ಟೆ. ಟಿಕೆಟ್ ಮಹಡಿಗೆ ಮಾತ್ರ. ಬ್ರೆಜಿಲಿನ ಸಾವೊ ಪಾಲೊದಲ್ಲಿ ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ 1968ರಲ್ಲೇ ಇಡೀ ಮ್ಯೂಸಿಯಂ ಎತ್ತಿ ನಿಲ್ಲಿಸಿ, ಕೆಳಗೆ ಸುಮಾರು 70 ಮೀಟರ್ ಉದ್ದಕ್ಕೆ ಒಂದೂ ಕಂಬವಿಲ್ಲದ ಜಾಗವನ್ನು ಊರಿಗೆ ಬಿಟ್ಟುಕೊಟ್ಟರು. ನಮ್ಮ ಬಜೆಟ್ಟಿಗೆ ಓಣಿಯೇ ದೊಡ್ಡದು.

ಮ್ಯೂಸಿಯಂ ಟ್ರಸ್ಟಿನವರು ಓಣಿ ನೋಡಿದ ತಕ್ಷಣ ಅಂಗಡಿ ಬಾಡಿಗೆ ಲೆಕ್ಕ ಹಾಕಿದರು. ಸುಮಾರು 900 ಚದರಡಿ ಸುಮ್ನೆ ಹೋಯಿತು ಅಂತ ಗೊಣಗಾಟ. ಕಾಂಪೌಂಡ್, ಗೇಟು, ವಾಚ್‌ಮನ್ ರೂಮು ಬಿಟ್ಟಿದ್ದರಿಂದ ಏಳೆಂಟು ಲಕ್ಷ ಉಳಿದಿತ್ತು. ಅದನ್ನು ತೋರಿಸಿ ಬಾಯಿ ಮುಚ್ಚಿಸಿದೆ. ಆ ದುಡ್ಡನ್ನೆಲ್ಲ ಗಾಜು ನುಂಗಿತು, ಅದು ಬೇರೆ ಮಾತು.

ಓಡಾಡುವವರಿಗೆ ಶಿಲ್ಪ ಕಾಣಲಿ ಅಂತ ರಸ್ತೆ ಕಡೆಗೆ ಲ್ಯಾಮಿನೇಟೆಡ್ ಗಾಜು ಹಾಕಿಸಿದ್ದೆವು. ಬೆಳಿಗ್ಗೆ ಹತ್ತಕ್ಕೆ ಹೊರಗೆ ನಿಂತು ನೋಡಿದರೆ ಎದುರಿನ ಬೇಕರಿ ಬೋರ್ಡು, ನಿಂತ ಆಟೋ, ನನ್ನ ಹೊಟ್ಟೆ. ಶಿಲ್ಪ ಮಾತ್ರ ಇಲ್ಲ. ಹೊರಗೆ ಬೆಳಕು ಸಾವಿರಾರು ಲಕ್ಸ್ (ಬೆಳಕಿನ ಅಳತೆ), ಒಳಗೆ 200. ಗಾಜು ಕನ್ನಡಿಯಾಗದೆ ಇನ್ನೇನಾಗುತ್ತೆ? ಗಾಜು ಕೊಟ್ಟವರು ಫಿಲ್ಮ್ ಅಂಟಿಸಿ ಅಂದರು. ನಲವತ್ತು ಸಾವಿರ ಹೋಯಿತು, ಒಳಗೆ ಇನ್ನಷ್ಟು ಕಪ್ಪಾಯಿತು. ಲೈಟು ಜಾಸ್ತಿ ಮಾಡಿದೆವು. ಕರೆಂಟ್ ಬಿಲ್ಲು ಏರಿತು, ಬೇಕರಿ ಬೋರ್ಡು ಹೋಗಲಿಲ್ಲ.

ಕೊನೆಗೆ ಫ್ರೇಮ್ ಬಿಚ್ಚಿಸಿ ಗಾಜಿನ ಮೇಲ್ತುದಿಯನ್ನು ರಸ್ತೆ ಕಡೆಗೆ ಬಾಗಿಸಿದೆ. ಈಗ ಗಾಜಿನಲ್ಲಿ ಬೀಳುವುದು ಮುಂದಿನ ನೆಲದ ಬಿಂಬ. ಬಿಂಬ ಕಪ್ಪಾಗಿದ್ದರೆ ಒಳಗಿನ ಶಿಲ್ಪ ಕಾಣುತ್ತೆ. ಅದಕ್ಕೇ ನೆಲಕ್ಕೆ ಕಪ್ಪು ಕಡಪ ಕಲ್ಲು, ಮೇಲೆ ಐದಡಿ ಸಜ್ಜಾ. ಪಾಲಿಶ್ ಮಾಡಿಸಬೇಡಿ, ಅದೂ ಹೊಳೆಯುತ್ತೆ. ಎಷ್ಟು ಡಿಗ್ರಿ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು!

ಇನ್ನೊಂದು ತಕರಾರು ಬೆಳಕಿನದು. ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಲ್ದಣಕರರ ದೀಪ ಹಿಡಿದ ಹೆಂಗಸಿನ ಜಲವರ್ಣ ಚಿತ್ರವನ್ನು ಕತ್ತಲಲ್ಲಿ ಇಟ್ಟಿದ್ದಾರಲ್ಲ, ನೀವೇಕೆ ಬೀದಿಗೆ ಇಡ್ತೀರಿ ಅಂದರು ಕೆಲವರು. ಜಲವರ್ಣವನ್ನು ನಾನೂ ಬೀದಿಗೆ ಇಡಲ್ಲ. ಅವು ಮಹಡಿಯಲ್ಲಿ, 50 ಲಕ್ಸ್ ಒಳಗೇ ಇವೆ. ಕೆಳಗೆ ಕಲ್ಲು, ಕಂಚು, ಮಣ್ಣಿನ ಕೆಲಸ. ಅವಕ್ಕೆ ಬೆಳಕಿನ ಭಯವಿಲ್ಲ.

ಜಗಲಿಯಲ್ಲಿ ಒಂದು ಪ್ರಯೋಗ ಮಾಡಿದೆ. ಓಣಿಯ ಒಂದು ಬದಿಗೆ 14 ಇಂಚು ಅಗಲ, ಇನ್ನೊಂದು ಬದಿಗೆ ಎರಡಡಿ. ಎರಡಡಿಯದರ ಮೇಲೆ ಮಧ್ಯಾಹ್ನ ಗೊರಕೆ. 14 ಇಂಚಿನ ಮೇಲೆ ಹೂವಿನವರು ಬುಟ್ಟಿ ಇಟ್ಟು ಮಾಲೆ ಕಟ್ಟುತ್ತಾರೆ. ಎರಡನ್ನೂ ಹಾಗೇ ಬಿಟ್ಟೆ. ಮಲಗೋರಿಗೂ ಜಾಗ ಬೇಕಲ್ವಾ. ಉಗಿಯುವ ವಿಷಯಕ್ಕೆ ಬಂದರೆ, ಜನ ಉಗಿಯೋದು ಮೂಲೆಗೆ. ಗಾರೆಯವರಿಗೆ ಹೇಳಿ ಮೂಲೆಗಳನ್ನೆಲ್ಲ ದುಂಡಗೆ ತೀಡಿಸಿದೆ. ಮುಕ್ಕಾಲು ಪಾಲು ನಿಂತಿತು. ಉಳಿದ ಕಾಲು ಪಾಲಿಗೆ ಮಾಡಿದ ಉಪಾಯ ಬರೆಯಲ್ಲ.

ಓಣಿಯಲ್ಲಿ ದಿನಕ್ಕೆ ಸಾವಿರದ ಹತ್ತಿರ ಜನ ಹಾಯುತ್ತಾರೆ. ನೂರು, ನೂರಿಪ್ಪತ್ತು ಮಂದಿ ಟಿಕೆಟ್ ತಗೊಂಡು ಮೇಲೆ ಹತ್ತುತ್ತಾರೆ. ಟ್ರಸ್ಟಿನವರು ಈಗ ಓಣಿ ಗೋಡೆಗೆ ಜಾಹೀರಾತು ಹಾಕೋಣ್ವಾ ಅಂತ ಶುರು ಮಾಡಿದ್ದಾರೆ. ಸದ್ಯಕ್ಕೆ ಬೇಡ ಅಂದಿದ್ದೇನೆ.