ಕಾಲೇಜಿನ ಪಕ್ಕ ಹಾಸ್ಟೆಲ್ ಕಟ್ಟುವವರಿಗೆ: ಮೊದಲು ಮಂಚ ಎಣಿಸಿ, ಆಮೇಲೆ ಪ್ಲಾನು ಬರೆಸಿ

ಸುದ್ದಗುಂಟೆಪಾಳ್ಯ, ಮತ್ತಿಕೆರೆ, ಕುಮಾರಸ್ವಾಮಿ ಲೇಔಟ್, ನಾಗರಬಾವಿ, ಕಟ್ಟಿಗೇನಹಳ್ಳಿ. ಬೆಂಗಳೂರಿನಲ್ಲಿ ಕಾಲೇಜಿನ ಗೇಟು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಪಿಜಿ ಬೋರ್ಡು ನೇತಾಡುತ್ತಿರುತ್ತದೆ. ಅನುಮತಿ ಸಿಗುವುದಿಲ್ಲ, ಸಿಕ್ಕರೂ ವರ್ಷಗಟ್ಟಲೆ ಅಲೆಸುತ್ತಾರೆ ಎಂಬ ಮಾತೂ ಅದರ ಜೊತೆಗೇ ಇರುತ್ತದೆ. ಕಚೇರಿಯ ನಿಧಾನ ಇದೆ, ಇಲ್ಲವೆನ್ನಲಾಗದು. ಆದರೆ ಫೈಲು ಸಿಕ್ಕಿಹಾಕಿಕೊಳ್ಳುವುದಕ್ಕೆ ಮಾಮೂಲಿ ಕಾರಣ ಬೇರೆಯೇ: ಮೊದಲ ಕಾಗದದಲ್ಲಿ ‘ವಾಸದ ಮನೆ’ ಎಂದಿರುತ್ತದೆ, ಕೊನೆಯ ಕಾಗದದಲ್ಲಿ ‘ಹಾಸ್ಟೆಲ್’ ಎಂದಿರುತ್ತದೆ. ನಡುವೆ ಇರುವ ಪ್ರತಿ ಟೇಬಲ್ಲಿನಲ್ಲೂ ಆ ವ್ಯತ್ಯಾಸಕ್ಕೆ ಒಂದು ಪ್ರಶ್ನೆ ಏಳುತ್ತದೆ. ಕಟ್ಟುವುದು ಹಾಸ್ಟೆಲ್ ಆದರೆ ಮೊದಲ ದಿನದಿಂದಲೇ ಹಾಗೆಂದು ಬರೆಯಿರಿ. ಅದಕ್ಕೆ ಎಷ್ಟು ಮಂಚ ಎಂಬುದು ಮೊದಲೇ ಗೊತ್ತಿರಬೇಕು.

ಮಂಚದ ಲೆಕ್ಕ

2024ರ ಆಗಸ್ಟ್‌ನಲ್ಲಿ ಅಂದಿನ ಬಿಬಿಎಂಪಿ ಪಿಜಿಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಎರಡು ಅಂಕಿ ಮುಖ್ಯ: ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು. 70 ಅಡಿ ದುಂದಲ್ಲ. 6×3 ಅಡಿಯ ಮಂಚಕ್ಕೆ 18, 4×2ರ ಓದುವ ಮೇಜಿಗೆ 8, 3×2ರ ಬೀರುವಿಗೆ 6. ಅಲ್ಲಿಗೆ 32 ಅಡಿ ಹೋಯಿತು. ಉಳಿದ 38 ಅಡಿಯಲ್ಲೇ ಕುರ್ಚಿ ಎಳೆಯಬೇಕು, ಬೀರುವಿನ ಬಾಗಿಲು ತೆಗೆಯಬೇಕು, ಇನ್ನೊಬ್ಬ ದಾಟಿ ಹೋಗಬೇಕು.

ಈ ಲೆಕ್ಕ ಹಿಡಿದು ಊರಲ್ಲಿ ಸಾಮಾನ್ಯವಾಗಿ ಕಾಣುವ ರೂಮುಗಳನ್ನು ಅಳೆಯಿರಿ. 10×12ರ ರೂಮು 120 ಅಡಿ, ಅಂದರೆ ಒಬ್ಬರಿಗೆ ಮಾತ್ರ. ‘ತ್ರೀ ಶೇರಿಂಗ್’ ಎಂದು ಬಾಡಿಗೆಗೆ ಬಿಡುವ 11×13ರ ರೂಮು 143 ಅಡಿ, ಇಬ್ಬರಿಗೆ ಸರಿ. ಮೂವರಾದರೆ ತಲೆಗೆ 48 ಅಡಿಗೂ ಕಡಿಮೆ. ಹಾಗಾಗಿ ಪ್ಲಾನು ಬರೆಸುವಾಗಲೇ ಗೋಡೆಯ ಒಳಗಿನಿಂದ ಒಳಗೆ 10×14 (ಇಬ್ಬರಿಗೆ) ಅಥವಾ 14×15 (ಮೂವರಿಗೆ) ಇಡಿಸಿ. ಬಚ್ಚಲುಮನೆಯನ್ನು ಇದರಲ್ಲಿ ಸೇರಿಸಿಕೊಳ್ಳಬೇಡಿ. ತಪಾಸಣೆಗೆ ಬಂದವರು ಟೇಪು ಹಿಡಿದಾಗ ವಾದ ಮಾಡುವ ಪ್ರಮೇಯವೇ ಬರಬಾರದು.

ಇನ್ನು ಇಡೀ ಕಟ್ಟಡದ ಲೆಕ್ಕ. 40×60ರ ಸೈಟು 2,400 ಚದರ ಅಡಿ. ಬೆಂಗಳೂರಿಗೆ ಇಂದಿಗೂ ಆಧಾರ 2007ರಲ್ಲಿ ಮಂಜೂರಾದ ಪರಿಷ್ಕೃತ ಮಹಾಯೋಜನೆ–2015. ಅದರಂತೆ ಇಷ್ಟು ಅಳತೆಯ ವಸತಿ ಸೈಟಿಗೆ, 12 ಮೀಟರ್ ವರೆಗಿನ ರಸ್ತೆಯಲ್ಲಿ, ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) 1.75. ಅಂದರೆ ಎಲ್ಲ ಮಹಡಿ ಸೇರಿ 4,200 ಅಡಿ. ಗೋಡೆ, ಮೆಟ್ಟಿಲು, ಓಡಾಡುವ ಜಾಗ, ಅಡುಗೆಮನೆ, ಬಚ್ಚಲು ಎಂದು ನೂರಕ್ಕೆ 40 ಕಳೆಯಿರಿ. ಉಳಿಯುವುದು 2,520. ಅದನ್ನು 70ರಿಂದ ಭಾಗಿಸಿದರೆ 36 ಮಂಚ. ಇದೇ ಲೆಕ್ಕದಲ್ಲಿ 30×40ರ ಸೈಟಿಗೆ 18. ಈ ಸಂಖ್ಯೆಯಲ್ಲಿ ಸಾಲದ ಕಂತು ಹೊಂದದಿದ್ದರೆ ಆ ಸೈಟು ಹಾಸ್ಟೆಲಿಗೆ ಆಗುವುದಿಲ್ಲ, ಅಷ್ಟೇ. ‘ಇರಲಿ, ಆಮೇಲೆ ಇನ್ನೊಂದು ಮಹಡಿ ಏರಿಸಿದರಾಯಿತು’ ಎಂದುಕೊಂಡವರ ಕಟ್ಟಡವೇ ಮುಂದೆ ಓಸಿ (ಸ್ವಾಧೀನಾನುಭವ ಪತ್ರ) ಸಿಗದೆ ನಿಲ್ಲುವುದು.

ಸೈಟಿನ ಕಾಗದ

ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ) ಇಲ್ಲದೆ ಏನೂ ಮುಂದುವರಿಯುವುದಿಲ್ಲ. ಖಾತೆಯಲ್ಲಿರುವ ಹೆಸರು, ಕ್ರಯಪತ್ರದ ಹೆಸರು, ಆಧಾರ್ ಹೆಸರು ಒಂದೇ ಕಾಗುಣಿತದಲ್ಲಿವೆಯೇ ನೋಡಿ. ಇನಿಷಿಯಲ್ ಹಿಂದುಮುಂದಾಗಿದ್ದಕ್ಕೇ ತಿಂಗಳು ಹೋಗುತ್ತದೆ. ಬಿ-ಖಾತೆಯಾದರೆ (ಪೂರ್ತಿ ಸಕ್ರಮವಲ್ಲದ ಆಸ್ತಿಯ ಖಾತೆ) ಮೊದಲು ಎ-ಖಾತೆಗೆ ಪರಿವರ್ತಿಸಿಕೊಳ್ಳಿ. ಅದಕ್ಕೂ ಮುಂಚೆ ಆರ್ಕಿಟೆಕ್ಟಿಗೆ ದುಡ್ಡು ಕೊಟ್ಟರೆ ವ್ಯರ್ಥ.

ಸರ್ಕಾರದ ಭೂ ನಕ್ಷೆ ತೋರಿಸುವ ದಿಶಾಂಕ್ ಆ್ಯಪಿನಲ್ಲಿ ಸೈಟಿನ ಮೇಲೆ ನಿಂತು ಸರ್ವೆ ನಂಬರ್ ತೆಗೆಯಿರಿ, ಸುತ್ತ ರಾಜಕಾಲುವೆ ಇದೆಯೇ ಎಂದು ನೋಡಿ. ಮಹಾಯೋಜನೆ–2015ರಲ್ಲಿ ಕಾಲುವೆಯ ಮಧ್ಯದಿಂದ ಬಿಡಬೇಕಾದ ಜಾಗ ಪ್ರಥಮ ದರ್ಜೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. ಈಗ ನೀರೇ ಹರಿಯದ, ಮೇಲೆ ಚಪ್ಪಡಿ ಮುಚ್ಚಿದ ಮೋರಿಯೂ ಗ್ರಾಮ ನಕ್ಷೆಯಲ್ಲಿ ಕಾಲುವೆಯಾಗಿದ್ದರೆ ಕಾಲುವೆಯೇ. ಯಲಹಂಕ, ಜಾಲಹಳ್ಳಿ ಕಡೆಯವರು ವಾಯುಪಡೆಯ ನೆಲೆಗಳಿಂದಾಗಿ ಎತ್ತರದ ಮಿತಿಯನ್ನೂ ಮೊದಲೇ ವಿಚಾರಿಸಬೇಕು.

ರಸ್ತೆಯ ಅಗಲವನ್ನು ಟೇಪಿನಲ್ಲಿ ಮೂರು ಕಡೆ ಅಳೆಯಿರಿ. ಕಾಗದದಲ್ಲಿ 30 ಅಡಿ ಇದ್ದು ತಿರುವಿನಲ್ಲಿ 24 ಇರುವುದು ನಮ್ಮ ಬಡಾವಣೆಗಳಲ್ಲಿ ಹೊಸದೇನಲ್ಲ. ಆ ಸೈಟಿನಲ್ಲಿ ಹಾಸ್ಟೆಲಿಗೆ ಅವಕಾಶ ಇದೆಯೇ ಎಂಬುದು ವಲಯ ಮತ್ತು ರಸ್ತೆಯ ಅಗಲ ಎರಡನ್ನೂ ನೋಡಿ ತೀರ್ಮಾನವಾಗುತ್ತದೆ. ಅದಕ್ಕೆ ನಗರ ಯೋಜನೆ ವಿಭಾಗದಿಂದ ಲಿಖಿತ ಉತ್ತರ ತೆಗೆದುಕೊಳ್ಳಿ, ಬಾಯಿಮಾತು ಬೇಡ.

ನಂಬಿಕೆ ನಕ್ಷೆಯ ಆಸೆ

2024ರಲ್ಲಿ ಬಂದ ‘ನಂಬಿಕೆ ನಕ್ಷೆ’ಯಲ್ಲಿ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ಮೂಲಕ ಆನ್‌ಲೈನಿನಲ್ಲೇ ತಾತ್ಕಾಲಿಕ ನಕ್ಷೆ ಕೈಗೆ ಬರುತ್ತದೆ, ದಾಖಲೆ ಪರಿಶೀಲನೆ ಆಮೇಲೆ. ಒಳ್ಳೆಯ ವ್ಯವಸ್ಥೆ. ಆದರೆ ಅದು 50×80 ವರೆಗಿನ ಸೈಟಿನಲ್ಲಿ ನಾಲ್ಕು ಮನೆಗಳ ತನಕದ ವಾಸದ ಕಟ್ಟಡಕ್ಕೆ. ನಾಲ್ಕು ಮನೆ ಎಂದು ನಕ್ಷೆ ಪಡೆದು, ಹಾಲು, ಅಡುಗೆಮನೆಗಳನ್ನೆಲ್ಲ ರೂಮು ಮಾಡಿ ಬಾಗಿಲಿಗೊಂದು ನಂಬರ್ ಹಾಕಿದರೆ ಅದು ನಕ್ಷೆ ಉಲ್ಲಂಘನೆ. ವೇಗವಾಗಿ ಸಿಕ್ಕ ನಕ್ಷೆ ನಿಧಾನವಾಗಿ ಕುತ್ತಿಗೆಗೆ ಬರುತ್ತದೆ. 30×40 ವರೆಗಿನ ಸೈಟಿನ ಸಣ್ಣ ಮನೆಗಳಿಗೆ ಸರ್ಕಾರ 2025ರಲ್ಲಿ ಕೊಟ್ಟ ಓಸಿ ವಿನಾಯಿತಿಯನ್ನು ಹಾಸ್ಟೆಲಿಗೆ ಎಳೆದು ಹಚ್ಚಲು ಹೋಗುವುದೂ ಇದೇ ಜಾತಿಯ ಜಾಣತನ.

ಹಾಸ್ಟೆಲ್ ಎಂದೇ ನಕ್ಷೆ ಬರೆಸುವಾಗ ಮೆಟ್ಟಿಲನ್ನು ಮೊದಲು ನೋಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ–2016ರಲ್ಲಿ ವಾಸದ ಮನೆಗೆ 1 ಮೀಟರ್ ಅಗಲದ ಮೆಟ್ಟಿಲು ಸಾಕು, ಹೋಟೆಲ್ ಮಾದರಿಯ ವಸತಿಗೆ 1.5 ಮೀಟರ್ ಬೇಕು. ನಾಲ್ಕೂವರೆ ಮೀಟರ್ ಜಾಗದಲ್ಲಿ ಮೆಟ್ಟಿಲು, ಲಿಫ್ಟು, ಶೂ ಸ್ಟ್ಯಾಂಡು ಎಲ್ಲ ತುರುಕಿದ ಪ್ಲಾನುಗಳಲ್ಲಿ ಬಲಿಯಾಗುವುದು ಈ ಅರ್ಧ ಮೀಟರೇ. ಕಟ್ಟಿದ ಮೇಲೆ ಮೆಟ್ಟಿಲು ಅಗಲ ಮಾಡಲಾಗದು. ಕಿಟಕಿಯ ಗ್ರಿಲ್ಲಿನಲ್ಲಿ ಮಹಡಿಗೊಂದಾದರೂ ಒಳಗಿನಿಂದ ತೆರೆಯುವಂತಿರಲಿ. ಟೆರೇಸಿನ ಬಾಗಿಲಿಗೆ ಬೀಗ ಬೇಡ. ಹುಡುಗರು ಮೇಲೆ ಹೋಗಿ ಸಿಗರೇಟು ಸೇದುತ್ತಾರೆಂದು ವಾರ್ಡನ್ ಹಾಕುವ ಆ ಬೀಗ ಬೆಂಕಿ ಬಿದ್ದ ದಿನ ಎಲ್ಲರನ್ನೂ ಒಳಗೆ ಹಿಡಿದಿಡುತ್ತದೆ.

ಅಡುಗೆಮನೆ ನೆಲಮಹಡಿಯಲ್ಲಿ, ಹೊರಗೋಡೆಗೆ ಹೊಂದಿಕೊಂಡಂತೆ ಇರಲಿ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಇಳಿಯುತ್ತದೆ. ಅದಕ್ಕೇ ಬೇಸ್‌ಮೆಂಟಿನಲ್ಲಿ ಸಿಲಿಂಡರ್ ಇಡಬಾರದು. ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್ ಇಲ್ಲಿ ಬಳಸುವಂತಿಲ್ಲ, 19 ಕೆ.ಜಿ.ಯದೇ ಬೇಕು. ಪರವಾನಗಿ ಇಲ್ಲದೆ 100 ಕೆ.ಜಿ. ತನಕ ಇಟ್ಟುಕೊಳ್ಳಬಹುದು. ಐದು ಸಿಲಿಂಡರ್ ಎಂದರೆ 95, ಆರನೆಯದು ಬಂದರೆ ಮಿತಿ ದಾಟಿತು.

ಬೈಕು ನಿಲ್ಲಿಸುವ ಜಾಗ ಯಾರಿಗೂ ನೆನಪಾಗುವುದಿಲ್ಲ. ಅಕ್ಕಪಕ್ಕದವರ ದೂರು ಬರುವುದು ಮಾತ್ರ ಅಲ್ಲಿಂದಲೇ. ಎರಡು ಮಂಚಕ್ಕೆ ಒಂದು ಬೈಕೆಂದರೂ 36 ಮಂಚಕ್ಕೆ 18 ಬೈಕು, ತಲಾ 1×2 ಮೀಟರ್, ಒಟ್ಟು 390 ಅಡಿಯಷ್ಟು ಜಾಗ. ನಕ್ಷೆಯಲ್ಲೇ ಗೆರೆ ಹಾಕಿಸಿ.

ನೀರು

36 ಮಂದಿಗೆ 135ರಂತೆ ದಿನಕ್ಕೆ 4,860 ಲೀಟರ್. ಬೆಂಗಳೂರಿನಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಿರುವುದರಿಂದ ಎರಡು ದಿನದ ಸಂಗ್ರಹ ಕನಿಷ್ಠ, ಅಂದರೆ 9,720 ಲೀಟರ್. ಒಳ ಅಳತೆ 8×8 ಅಡಿ, ನೀರಿನ ಆಳ 6 ಅಡಿ ಇರುವ ಸಂಪಿನಲ್ಲಿ ಸುಮಾರು 10,870 ಲೀಟರ್ ನಿಲ್ಲುತ್ತದೆ. ಮೇಲೆ ಒಂದಡಿ ಖಾಲಿ ಬಿಡಬೇಕಾದ್ದರಿಂದ 7 ಅಡಿ ಆಳ ತೋಡಿಸಿ. ಸಂಪು ಮತ್ತು ಒಳಚರಂಡಿಯ ಚೇಂಬರ್ ಒಂದೇ ಬದಿಗೆ ಬಾರದಂತೆ ನಕ್ಷೆ ಹಂತದಲ್ಲೇ ನೋಡಿಕೊಳ್ಳಿ. ಚೇಂಬರ್ ಕಟ್ಟಿಕೊಂಡು ಉಕ್ಕಿದರೆ ಆ ನೀರು ಪಕ್ಕದ ಸಂಪಿಗೆ ಜಿನುಗುತ್ತದೆ, ಅದು ಗೊತ್ತಾಗುವುದು ಅರ್ಧ ಹಾಸ್ಟೆಲ್ ವಾಂತಿ ಭೇದಿಯಿಂದ ಮಲಗಿದ ಮೇಲೆ. 2024ರ ಏಪ್ರಿಲ್‌ನಲ್ಲಿ ನಗರದ ಒಂದು ವೈದ್ಯಕೀಯ ಕಾಲೇಜಿನ ಹಾಸ್ಟೆಲಿನ ವಿದ್ಯಾರ್ಥಿನಿಯರು ಆಸ್ಪತ್ರೆ ಸೇರಿದ ಮೇಲೆ ತಪಾಸಣೆಗೆ ಬರುವವರು ಸಂಪಿನ ಮುಚ್ಚಳ ತೆಗೆಸದೆ ಹೋಗುವುದು ಅಪರೂಪ.

ಬಾಡಿಗೆ ಕೈಗೆಟುಕುವಂತೆ ಇರಬೇಕಾದರೆ ನೀರಿನಲ್ಲೇ ಉಳಿತಾಯ ಹುಡುಕಬೇಕು. 2024ರ ಮಾರ್ಚಿನ ಬರದಲ್ಲಿ ಜಿಲ್ಲಾಡಳಿತ 6,000 ಲೀಟರ್ ಟ್ಯಾಂಕರಿಗೆ 5 ಕಿ.ಮೀ. ಒಳಗೆ 600 ರೂಪಾಯಿ ನಿಗದಿ ಮಾಡಿತ್ತು. ಆ ದರದಲ್ಲೇ ದಿನಕ್ಕೊಂದು ಟ್ಯಾಂಕರ್ ಹಾಕಿಸಿದರೂ ತಿಂಗಳಿಗೆ 18,000, ಮಂಚಕ್ಕೆ 500 ರೂಪಾಯಿ ಬರೀ ನೀರಿಗೆ. 1,200 ಚದರ ಅಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನ ಹೊಸ ಕಟ್ಟಡಕ್ಕೆ ಮಳೆಕೊಯ್ಲು ಹೇಗೂ ಕಡ್ಡಾಯ. 1,500 ಅಡಿಯ ಚಾವಣಿಗೆ ವರ್ಷದ 970 ಮಿ.ಮೀ. ಮಳೆಯಲ್ಲಿ ನೂರಕ್ಕೆ 80 ಹಿಡಿದರೂ ಒಂದು ಲಕ್ಷ ಲೀಟರ್ ದಾಟುತ್ತದೆ. ಅದು ಇಡೀ ಹಾಸ್ಟೆಲಿಗೆ ಮೂರು ವಾರದ ನೀರು. ಜಲಮಂಡಳಿಯವರಿಗೆ ತೋರಿಸಲು ಒಂದು ಡ್ರಮ್ಮು ಇಟ್ಟು ಫೋಟೊ ತೆಗೆಯುವ ಬದಲು ಪೈಪನ್ನು ನಿಜವಾಗಿಯೂ ಸಂಪಿಗೆ ಜೋಡಿಸಿ.

ಓಸಿ, ಲೈಸೆನ್ಸು, ಠಾಣೆ

ಪಾಯ ಮುಗಿದಾಗ ಪ್ರಾರಂಭಿಕ ಪ್ರಮಾಣಪತ್ರ, ಕಟ್ಟಡ ಮುಗಿದಾಗ ಓಸಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ ಇಲ್ಲದ ಕಟ್ಟಡಕ್ಕೆ ಬೆಸ್ಕಾಂ, ಜಲಮಂಡಳಿ ಕಾಯಂ ಸಂಪರ್ಕ ಕೊಡದೆ ಬಿಗಿ ಮಾಡಿವೆ. ಜೂನ್‌ನಲ್ಲಿ ಅಡ್ಮಿಷನ್ ಶುರುವಾಗುತ್ತದೆಂದು ಮೇ ತಿಂಗಳಲ್ಲಿ ಓಸಿಗೆ ಅರ್ಜಿ ಹಾಕಿದರೆ ಆ ವರ್ಷ ಹೋದಂತೆಯೇ. ಡಿಸೆಂಬರಿಗೆ ಕಟ್ಟಡ ಮುಗಿಯುವಂತೆ ಕೆಲಸ ಹಿಡಿಯಿರಿ.

ಉದ್ದಿಮೆ ಪರವಾನಗಿ ಆರೋಗ್ಯ ವಿಭಾಗದಿಂದ. 2025ರ ಸೆಪ್ಟೆಂಬರಿನಿಂದ ಪಾಲಿಕೆ ಐದಾಗಿರುವುದರಿಂದ ನಿಮ್ಮ ವಾರ್ಡು ಯಾವುದರಲ್ಲಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಅರ್ಜಿಯ ಜೊತೆ ರೂಮುವಾರು ಪಟ್ಟಿ ಲಗತ್ತಿಸಿ: ರೂಮಿನ ನಂಬರ್, ಉದ್ದ, ಅಗಲ, ಮಂಚ. ಯಾರೂ ಕೇಳದಿದ್ದರೂ ಕೊಡಿ, ಈ ಒಂದು ಹಾಳೆಯಿಂದ ಅರ್ಧ ಪ್ರಶ್ನೆ ಮುಗಿಯುತ್ತವೆ. ಬಂದು ಹೋಗುವ ದಾರಿಗೆ ಸಿಸಿ ಕ್ಯಾಮೆರಾ ಹಾಕಿಸಿ, ದೃಶ್ಯ 90 ದಿನ ಉಳಿಯಬೇಕು. ಅಂಗಡಿಯವರು ಕೊಡುವ ಸಾಮಾನ್ಯ ಹಾರ್ಡ್ ಡಿಸ್ಕ್ ಎರಡು ಮೂರು ವಾರಕ್ಕೇ ತುಂಬುತ್ತದೆ. ಕ್ಯಾಮೆರಾ ಎಷ್ಟು, ದಿನ ಎಷ್ಟು ಎಂದು ಹೇಳಿಯೇ ಡಿಸ್ಕ್ ಕೊಳ್ಳಿ.

ಊಟ ಕೊಡುವುದಾದರೆ ಆಹಾರ ಸುರಕ್ಷತಾ ಪರವಾನಗಿ ಮೂರು ತಿಂಗಳೊಳಗೆ ಬೇಕು. ವರ್ಷದ ವಹಿವಾಟು ನಿಗದಿತ ಮಿತಿಯ ಒಳಗಿದ್ದರೆ ಬರೀ ನೋಂದಣಿ, ದಾಟಿದರೆ ಪರವಾನಗಿ. 2011ರ ನಿಯಮದಲ್ಲಿ ಆ ಮಿತಿ 12 ಲಕ್ಷ ಇತ್ತು, ಈಗಿನದನ್ನು ವಿಚಾರಿಸಿಕೊಳ್ಳಿ. 36 ಮಂದಿಯಿಂದ ಊಟಕ್ಕೆ ತಿಂಗಳಿಗೆ 3,000 ಹಿಡಿದರೆ ವರ್ಷಕ್ಕೆ 12,96,000. ಲೆಕ್ಕ ಹಾಕದೆ ನೋಂದಣಿ ಸಾಕೆಂದು ಕೂತವರು ಇಲ್ಲೇ ಎಡವುತ್ತಾರೆ.

ಕಾಲೇಜಿನ ಪ್ರಿನ್ಸಿಪಾಲರ ಪತ್ರ ತರುವವರು ಕಡಿಮೆ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮದಲ್ಲಿ ಕ್ಯಾಂಪಸ್ ಹೊರಗಿನ ಖಾಸಗಿ ಹಾಸ್ಟೆಲುಗಳು ಸ್ಥಳೀಯ ಠಾಣೆಯಲ್ಲಿ ನೋಂದಾಯಿಸಿಕೊಳ್ಳಬೇಕು, ಅದಕ್ಕೆ ಸಂಸ್ಥೆಯ ಮುಖ್ಯಸ್ಥರ ಶಿಫಾರಸು ಇರಬೇಕು ಎಂದಿದೆ. ಆ ಪತ್ರ ಇದ್ದರೆ ಠಾಣೆಯ ಕೆಲಸ ಸಲೀಸು, ಮಕ್ಕಳೂ ಕಾಲೇಜಿನ ಮೂಲಕವೇ ಬರುತ್ತಾರೆ. ವಿದೇಶಿ ವಿದ್ಯಾರ್ಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರದ ಫಾರಂ (ಮೊದಲು ‘ಸಿ ಫಾರಂ’ ಎನ್ನುತ್ತಿದ್ದದ್ದು) ತುಂಬಬೇಕು.

ಜಿಎಸ್‌ಟಿ ಮರೆಯಬೇಡಿ. 2024ರ ಜುಲೈ 15ರಿಂದ ತಲೆಗೆ ತಿಂಗಳಿಗೆ 20,000 ರೂಪಾಯಿ ತನಕದ ವಸತಿಗೆ, ಸತತ 90 ದಿನ ಉಳಿದರೆ, ತೆರಿಗೆ ಇಲ್ಲ. ಕರಾರು ಪತ್ರದಲ್ಲಿ ಅವಧಿಯನ್ನು 90 ದಿನಕ್ಕಿಂತ ಕಡಿಮೆ ಬರೆದು ಈ ವಿನಾಯಿತಿ ಕಳೆದುಕೊಳ್ಳಬೇಡಿ.

ಹಳೆ ಮನೆಯನ್ನು ಹಾಸ್ಟೆಲ್ ಮಾಡುವವರು

ಮೊದಲು ಮಂಜೂರಾದ ನಕ್ಷೆ ಹುಡುಕಿ ತೆಗೆಯಿರಿ, ಅದನ್ನು ಹಿಡಿದು ಇರುವ ಕಟ್ಟಡವನ್ನು ಅಳೆಸಿ. ಹೆಚ್ಚುವರಿ ಮಹಡಿ ಇದ್ದರೆ ಅದನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಮಂಚ ಎಣಿಸಿ. ಬಳಕೆ ಬದಲಾವಣೆಗೆ ಅರ್ಜಿ ಹಾಕುವ ಮೊದಲೇ ಹೆಚ್ಚಿನ ಮಂಚ ತೆಗೆದುಬಿಡಿ. ತಪಾಸಣೆಯ ದಿನ ಬೆಳಿಗ್ಗೆ ಮಂಚ ಟೆರೇಸಿಗೆ ಸಾಗಿಸಿದರೂ ಗೋಡೆಯ ಮೇಲಿನ ಚಾರ್ಜರ್ ಪಾಯಿಂಟು, ಬಾತ್ರೂಮಿನ ಬಕೆಟ್ಟು ಎಣಿಸಿದರೆ ಸತ್ಯ ತಿಳಿಯುತ್ತದೆ, ತಪಾಸಣೆಯವರಿಗೂ ಅದು ಗೊತ್ತು.

ಫೈಲು ನಿಂತರೆ

ಸಕಾಲದಡಿ (ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ರಾಜ್ಯದ ಕಾಯ್ದೆ) ಬರುವ ಸೇವೆಗೆ ಅರ್ಜಿ ಹಾಕಿದಾಗ ಸಿಗುವ ಜಿಎಸ್‌ಸಿ ಸಂಖ್ಯೆಯನ್ನು, ಅಂದರೆ ಅರ್ಜಿಯ ಗುರುತಿನ ಸಂಖ್ಯೆಯನ್ನು, ಬರೆದಿಟ್ಟುಕೊಳ್ಳಿ. ಗಡುವು ಮೀರಿದರೆ ಅದೇ ಸಂಖ್ಯೆಯ ಮೇಲೆ ಮೇಲ್ಮನವಿ ಹಾಕಬಹುದು. ‘ಸಾರ್, ಇನ್ನೊಂದು ಡಾಕ್ಯುಮೆಂಟ್ ಬೇಕಂತೆ’ ಎಂದು ಏಜೆಂಟ್ ಫೋನಿನಲ್ಲಿ ಹೇಳಿದರೆ ಓಡಬೇಡಿ, ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ. ಯಾವ ದಾಖಲೆ, ಯಾವ ನಿಯಮದಡಿ, ಯಾವ ದಿನಾಂಕ ಎಂಬ ಮೂರೂ ಆ ಹಿಂಬರಹದಲ್ಲಿರಬೇಕು. ಉತ್ತರ ಕೊಡುವಾಗ ಹಿಂಬರಹದ ಸಂಖ್ಯೆ ನಮೂದಿಸಿ, ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಸೀಲು ಮತ್ತು ದಿನಾಂಕ ಹಾಕಿಸಿಕೊಂಡೇ ಮೆಟ್ಟಿಲಿಳಿಯಿರಿ.